ಕಪ್ಪೆಯ ಕಾಲಿಗೆ ಬಾವಿಯ ನೀರು

ವಿಜ್ಞಾನ ಇರುವಲ್ಲಿ ನಗು ಇರುವುದಿಲ್ಲ ಎನ್ನುವವರು ಒಂದು ದಿನವೂ ಪ್ರಯೋಗಶಾಲೆಯ ಬಟ್ಟಲು ತೊಳೆದವರಲ್ಲ. ಎಂಬತ್ತರ ದಶಕದಲ್ಲಿ ವಿಜಾಪುರದ ಕಾಲೇಜೊಂದರಲ್ಲಿ ನನಗೆ ಆ ಕೆಲಸ ಸಿಕ್ಕಿತ್ತು. ಪ್ರಾಯೋಗಿಕ ಪರೀಕ್ಷೆ ಸುಸೂತ್ರ ಮುಗಿದರೆ ಕಾಯಂ, ಇಲ್ಲದಿದ್ದರೆ ಮನೆಗೆ ಎಂದು ಪ್ರಾಣಿಶಾಸ್ತ್ರದ ಸರ್ ಮೊದಲೇ ಹೇಳಿದ್ದರು.

೧. ಬಸ್ಸಿನಲ್ಲಿ

ಪರೀಕ್ಷೆಗೆ ಬೇಕಾದ ಕಪ್ಪೆ ವಿಜಾಪುರದಲ್ಲಿ ಸಿಗಲಿಲ್ಲ. ತವರೂರು ಟಿಕೋಟಾದ ಬಾವಿಯಿಂದ ಹನ್ನೆರಡು ಹಿಡಿಸಿ, ಗಡಿಗೆಯ ಬಾಯಿಗೆ ಅರಿವೆ ಕಟ್ಟಿ ಬಸ್ ಹತ್ತಿದೆ. ಕಂಕುಳಲ್ಲಿ ಮಗಳು. ಗಡಿಗೆ ವಟಗುಟ್ಟಿತು. ಒಳಗೇನು ಎಂದ ಕಂಡಕ್ಟರ್. ಕಪ್ಪೆ, ಕಾಲೇಜಿಗೆ ಹೊರಟಿವೆ ಎಂದೆ. ಕಪ್ಪೆಗೆಂಥ ಕಾಲೇಜು ಎಂದು ನಕ್ಕ.

“ನಾ ಹತ್ತನೇ ಇಯತ್ತೆಗೆ ನಿಂತೇನಿ. ಇವಾದ್ರೂ ಮುಂದ ಕಲೀಲಿ ಬಿಡೋ ಯಪ್ಪಾ.”

೨. ಚೀಲದ ಬಾಯಿ

ಸರ್ ಕಪ್ಪೆಯ ಕಾಲನ್ನು ನರದ ಸಮೇತ ಬಿಡಿಸಿ ಉಪ್ಪುನೀರಿನ ಬಟ್ಟಲಲ್ಲಿ ಇಡುತ್ತಿದ್ದರು. ನರಕ್ಕೆ ಕರೆಂಟ್ ಮುಟ್ಟಿಸಿದರೆ ಕಾಲು ಜಾಡಿಸುತ್ತಿತ್ತು. ಸತ್ತ ಕಾಲಿಗೆ ಒದೆ ಎಂದು ಹೇಳುವವರು ಯಾರು ಎಂದು ಕೇಳಿದೆ. ಸರ್ ಹೇಳಿದರು: ನರದ ತುದಿಯಲ್ಲಿ ಕಣ್ಣಿಗೆ ಕಾಣದ ಚೀಲಗಳಿವೆ, ಅವುಗಳಲ್ಲಿ ಒಂದು ರಸಾಯನವಿದೆ. ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಒಳಗೆ ಬಂದರೆ ಮಾತ್ರ ಚೀಲ ಬಾಯಿ ಬಿಡುತ್ತದೆ, ರಸಾಯನ ಹೋಗಿ ಸ್ನಾಯುವಿಗೆ ಸುದ್ದಿ ಮುಟ್ಟಿಸುತ್ತದೆ.

“ಸುಣ್ಣ ಬಂತಂತ ಚೀಲದ ಬಾಯಿ ಬಿಚ್ಚೋರು ಯಾರ್ರಿ?”

 ಯಾವುದೋ ಪ್ರೋಟೀನ್ ಇರಬೇಕು, ಯಾವುದೆಂದು ಇನ್ನೂ ಗೊತ್ತಿಲ್ಲ ಎಂದರು ಸರ್.

“ನಮ್ಮತ್ತಿಯಂಥಾದ್ದು ಅನ್ರಿ. ಎಲಿಗೆ ಸುಣ್ಣ ಹಚ್ಚಿಕೊಡೂತನಕ ಬಾಯಿ ಬಿಡೂದಿಲ್ಲ. ಬಿಟ್ಟಮ್ಯಾಲ ಓಣಿಗೆಲ್ಲಾ ಸುದ್ದಿ.”

೩. ಪರೀಕ್ಷೆಯ ದಿನ

ಹೊರಗಿನಿಂದ ಪರೀಕ್ಷಕರು ಬಂದರು. ಸುಣ್ಣದಂಶವಿಲ್ಲದ ನೀರಿನಲ್ಲಿ ಕಾಲು ಅಲುಗುವುದಿಲ್ಲ ಎಂದು ಸರ್ ತೋರಿಸಬೇಕಿತ್ತು. ಕರೆಂಟ್ ಮುಟ್ಟಿಸಿದರು. ಕಾಲು ಜಾಡಿಸಿತು. ಮತ್ತೆ ಮುಟ್ಟಿಸಿದರು, ಮತ್ತೆ ಜಾಡಿಸಿತು.  ಒಂದೊಂದು ಒದೆತಕ್ಕೂ ನನ್ನ ಕಾಯಂ ಕೆಲಸ ಒಂದೊಂದು ಮಾರು ದೂರ ಹೋಗುತ್ತಿತ್ತು.

ತಡೆಯಲಾರದೆ ಒಪ್ಪಿಕೊಂಡೆ. ಭಟ್ಟಿ ಇಳಿಸಿದ ಶುದ್ಧ ನೀರಿನ ಕ್ಯಾನು ಖಾಲಿಯಾಗಿತ್ತು, ಕಾಲೇಜಿನ ಬಾವಿ ನೀರು ಸೋಸಿ ತುಂಬಿದ್ದೆ. ಆ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಸುಣ್ಣ ಹಕ್ಕಳೆಗಟ್ಟುತ್ತದೆ ಎಂದೂ ಹೇಳಿದೆ.

ಸರ್ ಅವರ ಕಣ್ಣು ಕೆಂಪಾದವು, ಪರೀಕ್ಷಕರ ಕಣ್ಣು ಅರಳಿದವು. ಪರೀಕ್ಷಕರೇ ಪಕ್ಕದ ವಿಭಾಗದಿಂದ ಶುದ್ಧ ನೀರು ತರಿಸಿ, ಉಪ್ಪು ಬೆರೆಸಿ ಕಾಲು ಇಟ್ಟರು. ಸ್ವಲ್ಪ ಹೊತ್ತಿಗೆ ಕರೆಂಟಿಗೂ ಕಾಲು ಅಲುಗದೆ ತಣ್ಣಗಾಯಿತು. ಅಷ್ಟೇ ಉಪ್ಪು ಬೆರೆಸಿದ ಬಾವಿ ನೀರು ಹಾಕಿದರು, ಒದೆಯಿತು. ಇದಕ್ಕಿಂತ ಒಳ್ಳೆಯ ಪಾಠ ಇಲ್ಲ, ಈಕೆಯನ್ನು ಬಿಡಬೇಡಿ ಎಂದು ಸರ್‌ಗೆ ಹೇಳಿ, ಚಹಾ ಗುಟುಕರಿಸುತ್ತ ಕೇಳಿದರು:

“ಅಲ್ಲವ್ವಾ, ಕ್ಯಾನಿನ್ಯಾಗಿನ ಶುದ್ಧ ನೀರು ಎಲ್ಲಿ ಹೋತು?”

“ಈಗ ಕುಡ್ಯಾಕತ್ತೀರಲ್ರಿ. ಪರೀಕ್ಷಾದವರಿಗೆ ಬಾವಿ ನೀರಿನ ಚಹಾ ಕೊಡಬ್ಯಾಡ ಅಂತ ಸರ್ ಹೇಳಿದ್ರು. ಕಪ್ಪೆಗೆ ಕೊಡಬ್ಯಾಡ ಅಂದಿರಲಿಲ್ಲ.”