ಉಳಿವೆಪ್ಪ ಮಾಸ್ತರರ ತಪ್ಪೊಪ್ಪಿಗೆ

ಇಷ್ಟಕ್ಕೆಲ್ಲ ಕಾರಣ ಒಂದು ಬಾಯಿ ಎಲೆ-ಅಡಿಕೆ. ಸವಣೂರಿನ ಎಲೆಯೇ ಅಂಥದ್ದು, ಬಾಯಿಗೆ ಹಾಕಿಕೊಂಡವರಿಗೆ ಉಗುಳಲು ಮನಸ್ಸಾಗುವುದಿಲ್ಲ. ಉಳಿವೆಪ್ಪ ಮಾಸ್ತರರು ಕೂಡ ಬಾಯಿ ತುಂಬ ರಸ ಇಟ್ಟುಕೊಂಡೇ ವಾಚನಾಲಯದಲ್ಲಿ ಕೂತು ಹೊಸದಾಗಿ ಬಂದ ಪತ್ತೇದಾರಿ ಕಾದಂಬರಿಯ ಕೊನೆಯ ಹಾಳೆಗೆ ಬಂದಿದ್ದರು. ಕಥೆಯಲ್ಲಿ ದೇಸಾಯರನ್ನು ಕೊಂದವನು ಜೈಲು ಸೇರಿದ ಅಡಿಗೆಯವನಲ್ಲ, ಅವನ ಪರವಾಗಿ ವಾದಿಸಿದ ವಕೀಲ! "ಅಯ್ಯಯ್ಯೋ!" ಎಂದರು ಮಾಸ್ತರರು. ಬಾಯಲ್ಲಿದ್ದುದೆಲ್ಲ ಹಾಳೆಯ ಮೇಲೆ ಬಿತ್ತು.

ಪುಸ್ತಕ ಹೊಲಸು ಮಾಡಿದ ಮಕ್ಕಳಿಗೆ ಛಡಿ ಬೀಸುವ ಮನುಷ್ಯ ಅವರು. ಅತ್ತಿತ್ತ ನೋಡಿ ಹಾಳೆಯನ್ನು ಪರ್ರನೆ ಹರಿದು, ಮಡಚಿ ಕಪಾಟಿನ ಹಿಂದೆ ತುರುಕಿ, ಏನೂ ಅರಿಯದವರಂತೆ ಮನೆಗೆ ಹೋದರು.

ರವಿವಾರ ಮುಂಜಾನೆ ವಾಚನಾಲಯದ ಅಧ್ಯಕ್ಷ, ಅರಿವೆ ಅಂಗಡಿಯ ಮಹಾಲಿಂಗಪ್ಪನವರು ಬಾಗಿಲಿಗೆ ಬಂದರು.

"ಮಾಸ್ತರ, ಇವತ್ತ ಸಂಜೀಕ ನಿಮ್ಮ ಭಾಷಣ ಇಟ್ಟೇವ್ರಿ. ಆ ಪತ್ತೇದಾರಿ ಕಾದಂಬರಿ ಮ್ಯಾಲ. ಅದರಾಗಿನ ಪಾಪ, ನ್ಯಾಯ ಎಲ್ಲಾ ಬಿಡಿಸಿ ಹೇಳ್ರಿ."

"ಇಷ್ಟ ಅವಸರ ಯಾಕ್ರಿ?"

"ಕೊನೀ ಹಾಳಿ ಯಾರೋ ಹರದಾರ್ರಿ. ಕೊಂದಾಂವ ಯಾರು ಅಂತ ಊರಾಗ ಒಬ್ಬರಿಗೂ ಗೊತ್ತಿಲ್ಲ. ಕಪಾಟದ ಕೀಲಿ ಸಿಪಾಯಿ ಮುನಾಫನ ಕಡೆ ಇರತೈತಿ, ಅವನ ಹರದಿರಬೇಕು. ಭಾಷಣ ಮುಗದ ಕೂಡಲೆ ಅವನ್ನ ಕೆಲಸಾ ಬಿಡಸತೇವಿ. ನೀವು ನ್ಯಾಯದ ಬಗ್ಗೆ ಗಟ್ಟಿಯಾಗಿ ಮಾತಾಡಿದ್ರ ನಮಗೂ ಹುರುಪ ಬರತೈತಿ."

ಹದಿನೈದು ವರ್ಷದಿಂದ ಅಲ್ಲಿ ಕಸ ಹೊಡೆದವನು ಮುನಾಫ. ಮಾಸ್ತರರು ಬಂದರೆ ತನ್ನ ಹೆಗಲ ಮೇಲಿನ ವಸ್ತ್ರದಿಂದಲೇ ಕುರ್ಚಿ ಒರೆಸಿಕೊಡುವವನು. ಮಾಸ್ತರರು ರೊಟ್ಟಿಯ ತಾಟನ್ನು ಅರ್ಧಕ್ಕೇ ಬದಿಗೆ ಸರಿಸಿದರು.

"ಮಾರಿ ಯಾಕ ಬಾಡೇತ್ರಿ?" ಎಂದಳು ಹೆಂಡತಿ ಹಾಲವ್ವ. "ನ್ಯಾಯದ ಬಗ್ಗೆ ಮಾತಾಡಾಕ ನಿಮ್ಮಂಥಾವ್ರಿಗೆ ಎಂಥಾ ಅಂಜಿಕಿ?"

ಆ ಮಾತು ಛಡಿ ಏಟಿಗಿಂತ ಜೋರಾಗಿ ಬಿತ್ತು. ಸಂಜೆ ದಾರಿಯಲ್ಲಿ ಖಾರ-ಸೇವಿನ ಅಂಗಡಿಯ ಶಂಕ್ರಪ್ಪ ಅಡ್ಡಗಟ್ಟಿದ. "ಎಲ್ಲಾರೂ ಪತ್ತೇದಾರ ಆಗ್ಯಾರ್ರಿ ಮಾಸ್ತರ! ಆ ಹಾಳಿ ಸಿಗಬೌದಂತ ರದ್ದಿ ಹಾಳ್ಯಾಗ ಕಟ್ಟಿದ ನನ್ನ ಖಾರದ ಪೊಟ್ಟಣ ಒಂದೊಂದೂ ಬಿಚ್ಚಿ ನೋಡಾಕತ್ತಾರ. ನೋಡಿದಾವ್ರು ಖಾರಾನೂ ಮುಗಸ್ಯಾರ!"

ವಾಚನಾಲಯ ಕಿಕ್ಕಿರಿದಿತ್ತು. ಬಾಗಿಲ ಬಳಿ ಮುನಾಫ ತಲೆ ತಗ್ಗಿಸಿ ನಿಂತಿದ್ದ. ಕೊನೆಯ ಹಾಳೆಯ ಗೊಡವೆಗೇ ಹೋಗಬಾರದೆಂದು ಗಟ್ಟಿ ಮಾಡಿಕೊಂಡು ಮಾಸ್ತರರು ಎದ್ದರು. ಆದರೆ ಕಣ್ಣು ಮತ್ತೆ ಮತ್ತೆ ಬಾಗಿಲ ಕಡೆಗೇ ಹೋಗುತ್ತಿತ್ತು.

"ತಪ್ಪು ಮಾಡಿದವನಿಗೆ ಬೇರೆ ಜೈಲು ಬೇಕಾಗಿಲ್ಲ," ಎಂದರು ಮಾಸ್ತರರು. "ಕಟಕಟೆಯಲ್ಲಿ ನಿಂತ ಆ ಅಡಿಗೆಯವನ ಮುಖ ನೋಡಿ ವಕೀಲನ ಎದೆ ಎಷ್ಟು ಹೊಡೆದುಕೊಂಡಿರಬೇಕು! ಕೊಂದವನು ತಾನು, ಆದರೂ ಬಾಯಿ ಬಿಡಲಿಲ್ಲ..."

ಸಭೆಯಲ್ಲಿ ಗುಸುಗುಸು ಎದ್ದಿತು.

"ಕೊಂದಾಂವ ವಕೀಲನ?" ಮಹಾಲಿಂಗಪ್ಪನವರು ಅರ್ಧ ಎದ್ದರು. "ಹಾಳೀನ ಇಲ್ಲ, ನಿಮಗ ಹ್ಯಾಂಗ ಗೊತ್ತಾತ್ರಿ?"

ಮಾಸ್ತರರಿಗೆ ನಾಚಿಕೆಯಿಂದ ಭೂಮಿಗೆ ಇಳಿದುಹೋದಂತಾಯಿತು. "ನಾನ ಓದೇನ್ರಿ. ಎಲಿ ಉಗುಳು ಬಿತ್ತು, ಮಂದಿಗೆ ಅಂಜಿ ಹರದೆ. ಮುನಾಫಂದು ಏನೂ ತಪ್ಪಿಲ್ಲ."

ಹೇಳಿದ ಮೇಲೆ ಎದೆ ಹಗುರಾಯಿತು. ಅಷ್ಟರಲ್ಲಿ ಮಹಾಲಿಂಗಪ್ಪನವರು ಕಣ್ಣೊರೆಸಿಕೊಂಡರು.

"ಕೇಳಿದ್ರೇನ್ರಿ! ಹಾಳಿ ಇಲ್ಲದ, ಬರೇ ಬುದ್ಧೀಲೆ ಕೊಂದಾಂವನ್ನ ಹಿಡದ್ರು! ಅದರ ಮ್ಯಾಲ ಬಡವನ ಹೊಟ್ಟಿ ಉಳಸಾಕ ತಪ್ಪು ತಮ್ಮ ತಲಿಮ್ಯಾಲ ಹಾಕ್ಕೊಂಡ್ರು!"

"ಅಲ್ರೀ, ಖರೇನ ನಾನ..."

"ಸಾಕ್ರಿ, ನಿಮ್ಮ ದೊಡ್ಡಗುಣ ನಮಗ ಗೊತ್ತೈತಿ. ಏ ಮುನಾಫ, ಇವರ ಮಾರಿ ನೋಡಿ ನಿನ್ನ ಬಿಟ್ಟೇವಿ. ತಪ್ಪು ಒಪ್ಪಿಕೊಂಡು ಮಾಸ್ತರಗ ಹಾರಾ ಹಾಕು."

ಮುನಾಫ ಮುಂದೆ ಬಂದ. "ಹೂನ್ರಿ, ನಾನ ಹರದೇನಿ," ಎಂದ ಎಲ್ಲರಿಗೂ ಕೇಳುವಂತೆ. ಹಾರ ಹಾಕಲು ಬಾಗಿದವನು ಮಾಸ್ತರರ ಕೋಟಿನ ಕಿಸೆಗೆ ಏನೋ ತುರುಕಿ ಪಿಸುಗುಟ್ಟಿದ.

"ಮನ್ನೆ ಕಸಾ ಹೊಡಿಯೂ ಮುಂದ ಕಪಾಟದ ಹಿಂದ ಸಿಕ್ತರಿ. ಅಲ್ಲಿ ಕುಂತು ಎಲಿ ಹಾಕಾವ್ರು ನೀವೊಬ್ಬರ. ನಿಮ್ಮ ಮರ್ಯಾದಿ ಹೋಗಬಾರದಂತ ಯಾರಿಗೂ ತೋರಿಸಿಲ್ಲ. ಮನೀಗೆ ಹೋಗಿ ಸುಟ್ಟ ಬಿಡ್ರಿ."

ಮಾಸ್ತರರ ಕೈ ಕಿಸೆಗೆ ಹೋಯಿತು. ಕೆಂಪು ಕಲೆಯ ಹಾಳೆ ಬೆರಳಿಗೆ ಸಿಕ್ಕಿತು. ಹೊರಗೆ ತೆಗೆದು ಹಿಡಿದರೆ ಇಡೀ ಸಭೆ ನಂಬುತ್ತಿತ್ತು. ಚಪ್ಪಾಳೆ ಜೋರಾಗಿತ್ತು, ಹಾರ ಘಮಘಮಿಸುತ್ತಿತ್ತು. ಕೈ ಕಿಸೆಯಲ್ಲೇ ಉಳಿಯಿತು, ತಲೆ ಮಾತ್ರ ತಗ್ಗಿತು.

"ಎಷ್ಟ ವಿನಯ ನೋಡ್ರಿ!" ಎಂದು ಮಂದಿ ಮತ್ತೊಮ್ಮೆ ಚಪ್ಪಾಳೆ ತಟ್ಟಿದರು.