ಭಾವಮೈದುನನ ಸೈನಸ್ಸು

ಈ ಮನೆಯಲ್ಲಿ ಮೂಗಿನ ರೋಗಿ ತಾನೊಬ್ಬನೇ ಎಂಬುದನ್ನು ಪಟಸಮೇತ ಸ್ಥಾಪಿಸಿಯೇ ತೀರುವೆನೆಂದು ಗೆಟ್ಟವಾಡಿಯ ವೃಷಭೇಂದ್ರಪ್ಪನವರು ಶಿವಪೂಜೆಯಿಂದೆದ್ದವರೇ ಘೋರ ಸಂಕಲ್ಪ ಮಾಡಿದರು!

ಸಂಕಲ್ಪಕ್ಕೆ ಕಾರಣ, ಭಾವಮೈದುನ ಷಡಕ್ಷರಿ. ಹನ್ನೆರಡು ವರ್ಷಗಳಿಂದ ಗಂಡನ ಒಂದೊಂದು ಸೀನಿಗೂ ಮೆಣಸಿನ ಕಷಾಯ ಹಿಡಿದು ಓಡಿಬರುತ್ತಿದ್ದ ಶಿವಮಲ್ಲಮ್ಮ, ಮೂಗಿನ ಸ್ಕ್ಯಾನ್ ಮಾಡಿಸಿಕೊಂಡು ಆರೈಕೆಗೆಂದು ತಮ್ಮ ಬಂದಿಳಿದ ದಿನವೇ ಆ ಲೋಟವನ್ನು ಅತ್ತ ತಿರುಗಿಸಿಬಿಟ್ಟಿದ್ದರು.

ತಮ್ಮನ ಸ್ಕ್ಯಾನಿನ ಪಟವನ್ನು ಬಿಸಿಲಿಗೆ ಹಿಡಿದು ಅವರು ಕಣ್ಣೀರು ತಂದುಕೊಂಡರು. "ನೋಡಿ, ಕೆನ್ನೆ ಒಳ್ಗ ಬೆಳ್ಳಗ ತುಂಬ್ಕಂಡದ. ಪಾಪ ಕಣಿ!"

"ನಂಗೂ ಅದಲ್ಲಮ್ಮಿ!"

"ನಿಮ್ದು ಬರೀ ಬಾಯ್ಮಾತು. ಅವುನ್ದು ಪಟದಲ್ಲೇ ಬಂದದ!"

ವೃಷಭೇಂದ್ರಪ್ಪನವರ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು. ಸೋಮವಾರಕ್ಕೆ ಚಾಮರಾಜನಗರದಲ್ಲಿ ಸ್ಕ್ಯಾನ್ ಗೊತ್ತಾಯಿತು. ಆದರೆ ಒಳಗಿನ ಪಟ ತೆಗೆಸುವಾಗ ಒಳಗೂ ಮಡಿಯಾಗಿರಬೇಡವೆ? ಶಿವನಿಗೆ ಪ್ರಿಯವಾದ ತುಂಬೆಯನ್ನು ತಂದು, ಅರೆದು, ಮೂರು ದಿನ ಮೂರು ಹೊತ್ತು ಎರಡೂ ಹೊಳ್ಳೆಗಳಿಗೆ ರಸ ಹಿಂಡಿಕೊಂಡರು. ಎಂಥ ಸೀನು! ಪಕ್ಕದೂರು ತಿಗನಾರೆಯ ಹೊಲಗಳಲ್ಲಿ ಕಾವಲಿದ್ದವರು ಆನೆ ನುಗ್ಗಿತೆಂದು ಪಟಾಕಿ ಹಚ್ಚಿದರಂತೆ! ಹನ್ನೆರಡು ವರ್ಷಗಳ ಸಂಚಿತವೆಲ್ಲ ಹರಿದುಹೋಯಿತು.

ಸೋಮವಾರ ಡಾಕ್ಟರ್ ರೇವತಿ ಪಟವನ್ನು ದೀಪದ ಮುಂದಿಟ್ಟು ವಿವರಿಸಿದರು: "ಕೆನ್ನೆ ಹಿಂದೆ ಒಂದೊಂದು ಗೂಡು, ಅದೇ ಸೈನಸ್. ಅದರ ಬಾಗಿಲು ತಳದಲ್ಲಿಲ್ಲ, ಮೇಲಿದೆ. ಕಣ್ಣಿಗೆ ಕಾಣದ ರೋಮಗಳು ಕಫವನ್ನ ಮೇಲಕ್ಕೆ ತಳ್ಳಿ, ಈ ಸಣ್ಣ ಕಾಲುವೆಯಿಂದ ಮೂಗಿಗೆ ಇಳಿಸ್ತವೆ."

"ನನ್ ಕಾಲ್ವೆ ಮುಚ್ಚೋಗದ, ಅಲ್ವಾ ತಾಯಿ?" ಸ್ವರದಲ್ಲಿ ಆಸೆ ತುಳುಕಿತು.

"ಎಲ್ಲಿ! ಗೂಡೆಲ್ಲ ಕಪ್ಪಗಿದೆ, ಅಂದ್ರೆ ಬರೀ ಗಾಳಿ. ಪಾಠದ ಪುಸ್ತಕಕ್ಕೆ ಹಾಕಬಹುದು! ಮೂಗಿಗೇನಾದ್ರೂ ಬಿಟ್ಕೊಂಡಿದ್ರಾ?"

"ತುಂಬೆರಸ... ಮಡಿಗೆ."

"ಕೊಳೆ ತೋರಿಸೋಕೆ ಬರೋರು ತೊಳ್ಕೊಂಡು ಬರ್ತಾರಾ, ಸ್ವಾಮಿ? ಇನ್ಮೇಲೆ ಎಲೆರಸ ಸುರೀಬೇಡಿ." ಹೀಗೆಂದು ಚೀಟಿಯಲ್ಲಿ 'ಯಾವ ದೋಷವೂ ಇಲ್ಲ' ಎಂದು ಬರೆದುಕೊಟ್ಟರು.

ಮನೆಯಲ್ಲಿ ಶಿವಮಲ್ಲಮ್ಮ ಎರಡೂ ಪಟಗಳನ್ನು ಜೊತೆಗೆ ಹಿಡಿದು ನೋಡಿದರು. "ಶಿವ್ನೇ! ನನ್ ಗಂಡನ ಮೂಗು ಎಂಥಾ ಚಂದಾಗದ!"

ವೃಷಭೇಂದ್ರಪ್ಪನವರ ಎದೆ ಅರಳಿತು. ಗೆದ್ದೆನೆಂದುಕೊಂಡು ಷಡಕ್ಷರಿಯತ್ತ ಮೀಸೆ ತಿರುವಿದರು. ಅಷ್ಟರಲ್ಲಿ ಬಚ್ಚಲಿನಿಂದ ಹೊಗೆ ನುಗ್ಗಿತು; ಹೆಂಡತಿ ಊದುಗೊಳವೆಯನ್ನು ಕೈಗಿತ್ತರು.

"ಬಚ್ಚಲೊಲೆ ಬರೀ ಒಗೆ ಆಡ್ತಾ ಅದ. ನನ್ ತಮ್ಮನ್ಗ ಆವಿ ಇಡೀಬೇಕು. ನಿಮ್ ಮೂಗ್ಗ ಒಗೆ ಏನೂ ಮಾಡಾಕಿಲ್ಲ, ಡಾಕ್ಟ್ರೇ ಬರ್ಕೊಟ್ಟವ್ರ. ಊದಿ!"