ವಸ್ತು ಸಂಖ್ಯೆ ಆರುನೂರ ಹದಿಮೂರು

ಓಹಾಯೊ ರಾಜ್ಯದ ಕ್ವೇಲ್ ಹಾಲೋ ಬಡಾವಣೆಯ ನಿವಾಸಿಗಳ ಸಂಘದ ನಿಯಮಾವಳಿಯ ಪ್ರಕಾರ, ಗೋಡೆ ಎಂದರೆ ಮನೆಯೊಳಗಾಗಲಿ ಹೊರಗಾಗಲಿ ನೆಟ್ಟಗೆ ನಿಂತಿರುವ, ಆದರೆ ನಿವಾಸಿಯಲ್ಲದ ಯಾವುದೇ ವಸ್ತು. ಈ ವ್ಯಾಖ್ಯಾನವನ್ನು ಸಂಘವು ಹನ್ನೊಂದು ವರ್ಷಗಳ ಹಿಂದೆ ಎರಡು ಸುತ್ತಿನ ಮತದಾನದ ನಂತರ ಅಂಗೀಕರಿಸಿತ್ತು. ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ವೆಂಡೆಲ್ ಗ್ರೂಬರ್ ತನ್ನ ಹಜಾರದ ಗೋಡೆಗೆ ಮೊಳೆ ಹೊಡೆಯುವವರೆಗೆ.

ವೆಂಡೆಲ್ ಮೂವತ್ತನಾಲ್ಕು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಅವನ ಹತ್ತಿರ ಆರುನೂರ ಹನ್ನೆರಡು ಬೇಸ್‌ಬಾಲ್ ಕಾರ್ಡುಗಳಿದ್ದವು. ಒಂದೊಂದರ ಮುಂದೆ ಒಬ್ಬ ಆಟಗಾರನ ಚಿತ್ರ, ಹಿಂದೆ ಅವನು ಎಷ್ಟು ಹೊಡೆದ, ಎಷ್ಟು ಬಿಟ್ಟ ಎನ್ನುವ ಪಟ್ಟಿ. ಐವತ್ತೆಂಟು ವರ್ಷ ಇವು ಬೂಟಿನ ಡಬ್ಬಿಗಳಲ್ಲಿ, ಮಂಚದ ಕೆಳಗೆ ಮಲಗಿದ್ದವು. ನಿವೃತ್ತಿಯಾದ ಮರುವಾರ ವೆಂಡೆಲ್ ಗ್ಯಾರೇಜಿನಲ್ಲಿ ಕೂತು ಮರದ ಚೌಕಟ್ಟು ಮಾಡಿದ, ಗಾಜು ಕೂರಿಸಿದ, ಹಜಾರದ ಉದ್ದದ ಗೋಡೆಗೆ ಸಾಲಾಗಿ ನೇತುಹಾಕಿದ. ಮೂರು ಬೆರಳಿಗೆ ಸುತ್ತಿಗೆ ಏಟು ಬಿತ್ತು. ಆದರೂ ಅವನ ಮುಖ ಮದುವೆ ಮನೆಯ ಯಜಮಾನನ ಮುಖದ ಹಾಗಿತ್ತು.

ಮೇಲಿನ ಸಾಲಿನ ನಟ್ಟನಡುವೆ ಡಸ್ಟಿ ಮಲೂಫ್ ಎಂಬ ಚೆಂಡೆಸೆಗಾರನಿದ್ದ. ಒಂದೇ ಒಂದು ವರ್ಷ ಆಡಿ, ಸತತ ಹನ್ನೊಂದು ಪಂದ್ಯ ಸೋತು ಮನೆಗೆ ಹೋದವನು.

“ಅಷ್ಟೊಂದು ಶೂರರನ್ನ ಬದಿಗೆ ತಳ್ಳಿ, ಸೋತು ಸುಣ್ಣ ಆದವನನ್ನ ನಡುವೆ ಕೂರಿಸಿದ್ದೀಯಲ್ಲ?” ಎಂದು ಹೆಂಡತಿ ಡೋರೀನ್ ಕೇಳಿದಳು.

“ಗೆದ್ದೋರನ್ನ ಎಲ್ರೂ ಕೂರಿಸ್ತಾರೆ ಬಿಡು,” ಎಂದ ವೆಂಡೆಲ್.

ಆದರೆ ನಿಜವಾದ ಕಾರಣ ಅವಳಿಗೂ ಗೊತ್ತಿತ್ತು. ವೆಂಡೆಲ್ ಚಿಕ್ಕವನಿದ್ದಾಗ ಕಾರ್ಡು ಚೂಯಿಂಗ್ ಗಮ್ ಪೊಟ್ಟಣದೊಳಗೆ ಬರುತ್ತಿತ್ತು. ವೆಂಡೆಲ್‌ನ ಅಕ್ಕ ಇರ್ಮಾ, “ಗಮ್ ನಾನು ಅಗೀತೀನಿ, ಕಾರ್ಡು ನೀನಿಟ್ಕೊ,” ಎಂದು ಅವನೊಡನೆ ಒಪ್ಪಂದ ಮಾಡಿಕೊಂಡಿದ್ದಳು. ಆ ಒಪ್ಪಂದದಲ್ಲಿ ಬಂದ ಮೊದಲ ಕಾರ್ಡು ಡಸ್ಟಿ. ಅದರ ಮೂಲೆಯಲ್ಲಿ ಇರ್ಮಾಳ ಗಮ್ ಹತ್ತಿದ ಬೆರಳಿನ ಗುರುತು ಇನ್ನೂ ಇತ್ತು. ಇರ್ಮಾ ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

ಮೂರನೆಯ ದಿನ ಎದುರುಮನೆಯ ಕ್ಲೈಡ್ ಹಾಸ್ಕಿನ್ಸ್ ನಾಯಿ ಕರೆದುಕೊಂಡು ಹೋಗುತ್ತಿದ್ದವನು ಕಿಟಕಿಯಲ್ಲಿ ಗೋಡೆ ಕಂಡು ನಿಂತ. ಅವನನ್ನು ಹುಡುಕಿಕೊಂಡು ಹೆಂಡತಿ ಬಂದಳು. ಅಂಚೆಯಾಕೆಯೂ ನಿಂತಳು. ಐದು ದಿನಗಳ ಮೇಲೆ ವೆಂಡೆಲ್‌ಗೆ ಒಂದು ಪತ್ರ ಬಂತು.

“ಮಾನ್ಯರೇ, ತಮ್ಮ ಹಜಾರದ ಪೂರ್ವದಿಕ್ಕಿನ ಗೋಡೆಯನ್ನು ಮೂವರು ವ್ಯಕ್ತಿಗಳು ಹಾಗೂ ಒಂದು ನಾಯಿ ಏಕಕಾಲದಲ್ಲಿ ಎರಡು ನಿಮಿಷ ನಲವತ್ತು ಸೆಕೆಂಡು ವೀಕ್ಷಿಸಿರುವುದು ಸಂಘದ ಗಮನಕ್ಕೆ ಬಂದಿರುತ್ತದೆ. ನಿಯಮ ಹದಿನಾಲ್ಕರ ಪ್ರಕಾರ, ಮೂವರು ಎರಡು ನಿಮಿಷ ಮೀರಿ ನೋಡಿದ ಗೋಡೆಯು ವಸ್ತುಸಂಗ್ರಹಾಲಯವಾಗಿರುತ್ತದೆ. ಸದರಿ ಗೋಡೆಗೆ ಅಂಟಿಕೊಂಡಿರುವ ಮನೆಯು ಗೋಡೆಯ ಉಪಕಟ್ಟಡವಾಗಿರುತ್ತದೆ. ನಾಯಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ತಮಗೆ ಅಭಿನಂದನೆಗಳು.”

ವೆಂಡೆಲ್ ಪತ್ರ ಹಿಡಿದುಕೊಂಡು ಸಂಘದ ಅಧ್ಯಕ್ಷೆ ಬೆವರ್ಲಿ ಸ್ಟ್ರಾಂಡ್ ಅವರ ಬಳಿ ಹೋದ. ಅವರು ಕಾಫಿ ಕೊಟ್ಟರು, ಡೋನಟ್ ಕೊಟ್ಟರು.

“ಪರದೆ ಎಳೆದುಬಿಡ್ತೀನಿ, ಆಯ್ತಲ್ಲ?” ಎಂದ ವೆಂಡೆಲ್.

“ಹೋದ ವಾರ ಎಳೀಬಹುದಿತ್ತು ಗ್ರೂಬರ್ ಅವರೇ. ಈಗ ಎಳೆದ್ರೆ ವಸ್ತುಸಂಗ್ರಹಾಲಯವನ್ನ ಅಕ್ರಮವಾಗಿ ಮುಚ್ಚಿದ ಹಾಗಾಗುತ್ತೆ.”

“ಸರಿ, ಕಾರ್ಡುಗಳನ್ನೇ ಇಳಿಸ್ತೀನಿ.”

“ಅಯ್ಯೋ, ಅದಕ್ಕೆ ಮೇಲ್ವಿಚಾರಕರ ಲಿಖಿತ ಒಪ್ಪಿಗೆ ಬೇಕಲ್ಲ.”

“ಯಾರು ಆ ಮೇಲ್ವಿಚಾರಕರು?”

“ಇನ್ನೂ ನೇಮಕ ಆಗಿಲ್ಲ. ಹುದ್ದೆಗೆ ಅರ್ಜಿ ಕರೆದಿದ್ದೀವಿ. ಯಾರು ಬೇಕಾದ್ರೂ ಹಾಕಬಹುದು, ಕಾರ್ಡಿನ ಒಡೆಯರೊಬ್ಬರನ್ನ ಬಿಟ್ಟು.”

ಪ್ರಕಟಣೆಯನ್ನು ನಿಯಮದಂತೆ ಎಲ್ಲರಿಗೂ ಕಾಣುವ ಸ್ಥಳದಲ್ಲಿ, ಅಂದರೆ ಬೆವರ್ಲಿಯವರ ಅಡುಗೆಮನೆಯ ಫ್ರಿಡ್ಜಿನ ಬಾಗಿಲಿಗೆ, ಅಂಟಿಸಲಾಗಿತ್ತು. ಒಂದೇ ಒಂದು ಅರ್ಜಿ ಬಂತು. ಅದು ಬೆವರ್ಲಿಯವರ ತಂಗಿಯ ಗಂಡ ಡ್ವೈಟ್ ಪೆಟಿಬೋನ್ ಅವರದು. ಅವರು ಮೊದಲು ಈಜುಕೊಳದ ಮೇಲೆ ಹೊದಿಸುವ ತಾಡಪಾಲು ಮಾರುತ್ತಿದ್ದರು. ತೀವ್ರ ಸ್ಪರ್ಧೆಯ ನಂತರ ಅವರನ್ನೇ ಆರಿಸಲಾಯಿತು.

ಡ್ವೈಟ್ ಮೊದಲ ದಿನ ಬಂದವರೇ ಗೋಡೆಯನ್ನು ಆ ತುದಿಯಿಂದ ಈ ತುದಿಗೆ ನೋಡಿ, “ಚೆನ್ನಾಗಿದೆ. ಈ ಆಟದಲ್ಲಿ ಗೋಲು ಎಷ್ಟು ಅಗಲ ಇರುತ್ತೆ?” ಎಂದರು.

“ಬೇಸ್‌ಬಾಲ್‌ನಲ್ಲಿ ಗೋಲೇ ಇರಲ್ಲ ಸಾರ್,” ಎಂದ ವೆಂಡೆಲ್.

“ಇರಲಿ. ಪಕ್ಷಪಾತ ಬರಬಾರದು ಅಂತ ನಾನು ಈ ಆಟ ನೋಡೋದಕ್ಕೇ ಹೋಗಿಲ್ಲ.”

ಆಮೇಲೆ ಕೆಲಸಗಳು ಚುರುಕಾದವು. ಮಲಗುವ ಕೋಣೆ ಮೇಲ್ವಿಚಾರಕರ ಕಚೇರಿಯಾಯಿತು. ಬಾತ್‌ರೂಮು ವೀಕ್ಷಕರಿಗೆ ಮೀಸಲಾಯಿತು. ಗ್ರೂಬರ್ ದಂಪತಿಗಳು ಟವೆಲ್ಲು ಹೆಗಲಿಗೆ ಹಾಕಿಕೊಂಡು ಕ್ಲೈಡ್ ಮನೆಗೆ ಹೋಗಬೇಕಾಯಿತು. ಅಡುಗೆಮನೆಯಲ್ಲಿ ಬೆವರ್ಲಿಯವರ ಮಗಳು ನೆನಪಿನ ಕಾಣಿಕೆಗಳ ಅಂಗಡಿ ತೆರೆದಳು. ಮಾರಲು ಸರಕು ಇನ್ನೂ ಬಂದಿರಲಿಲ್ಲವಾದ್ದರಿಂದ ಮೊದಲ ದಿನ ಅಲ್ಲಿದ್ದುದನ್ನೇ ಮಾರಿದಳು. ಡೋರೀನ್ ಮಧ್ಯಾಹ್ನ ಸೂಪಿಗೆ ಉಪ್ಪು ಹಾಕಲು ಹೋದರೆ ಉಪ್ಪಿನ ಡಬ್ಬಿ ಇಲ್ಲ.

“ಅದು ಹತ್ತು ಗಂಟೆಗೇ ಹೋಯ್ತು ಆಂಟಿ,” ಎಂದಳು ಹುಡುಗಿ. “ಮೆಣಸಿನದು ಇದೆ, ಕೊಡ್ಲಾ? ನಿಮಗೆ ಅಂದ್ರೆ ರಿಯಾಯಿತಿ.”

ಗೋಡೆಯ ಮುಂದೆ ಮೂರಡಿ ದೂರದಲ್ಲಿ ಕೆಂಪು ಮಖಮಲ್ಲಿನ ಹಗ್ಗ ಬಂತು. ವೆಂಡೆಲ್ ಹಗ್ಗದ ಈಚೆ ನಿಂತು ತನ್ನ ಕಾರ್ಡುಗಳನ್ನು ನೋಡುತ್ತಿದ್ದ. ದೂರದೃಷ್ಟಿಯ ಕನ್ನಡಕ ಹಾಕಿದರೆ ಮುಖ ಕಾಣುತ್ತಿತ್ತು, ಹೆಸರು ಕಾಣುತ್ತಿರಲಿಲ್ಲ. ಹೆಸರು ಅವನಿಗೆ ಬಾಯಿಪಾಠವಿದ್ದುದರಿಂದ ಇದನ್ನು ಸಂಘವು ತೊಂದರೆ ಎಂದು ಪರಿಗಣಿಸಲಿಲ್ಲ.

ಎರಡನೆಯ ತಿಂಗಳಲ್ಲಿ ಡ್ವೈಟ್ ಎಲ್ಲ ಕಾರ್ಡುಗಳನ್ನೂ ದರ್ಜೆ ಪರೀಕ್ಷೆಗೆ ಕಳಿಸಿದರು. ಪರೀಕ್ಷಕರು ಪ್ರತಿಯೊಂದರ ಮೂಲೆ, ಅಂಚು, ಮೇಲ್ಮೈ ನೋಡಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನ ಕವಚದಲ್ಲಿ ಮೊಹರು ಮಾಡಿ ಕಳಿಸಿದರು. ಡಸ್ಟಿ ಮಲೂಫ್‌ಗೆ ಹತ್ತಕ್ಕೆ ಎರಡು ಬಂತು. ಷರಾ: “ಮೂಲೆಯಲ್ಲಿ ಅನ್ಯವ್ಯಕ್ತಿಯ ಬೆರಳಿನ ಕಲೆ.”

ಮರುದಿನ ಬೆಳಿಗ್ಗೆ ವೆಂಡೆಲ್ ಎದ್ದು ಬಂದು ನೋಡಿದರೆ ಮೇಲಿನ ಸಾಲಿನ ನಡುವೆ ಹಲ್ಲು ಕಿತ್ತ ಹಾಗೆ ಖಾಲಿ.

“ನಾಲ್ಕಕ್ಕಿಂತ ಕಡಿಮೆ ಬಂದದ್ದು ಉಗ್ರಾಣಕ್ಕೆ,” ಎಂದರು ಡ್ವೈಟ್, ಬಟ್ಟೆ ಕಪಾಟಿನ ಬೀಗದ ಕೈ ತಿರುಗಿಸುತ್ತ.

“ಸಾರ್, ಆ ಕಲೆ ನಮ್ಮಕ್ಕಂದು.”

“ಅದನ್ನೇ ಅವರೂ ಬರೆದಿದ್ದಾರೆ ನೋಡಿ, ಅನ್ಯವ್ಯಕ್ತಿ.”

ವೆಂಡೆಲ್ ಗ್ಯಾರೇಜಿಗೆ ಹೋಗಿ ಕೆಲಸದ ಮೇಜಿನ ಮುಂದೆ ಕೂತ. ಡೋರೀನ್ ಬಂದು ಪಕ್ಕದಲ್ಲಿ ಕೂತಳು. ಇಷ್ಟು ಹೊತ್ತಿಗೆ ಗ್ಯಾರೇಜು ವಾಹನ ನಿಲುಗಡೆ ಎಂದು ಘೋಷಿತವಾಗಿದ್ದರಿಂದ, ಯಾರೋ ಬಂದು ಇಬ್ಬರನ್ನೂ ಸ್ವಲ್ಪ ಸರಿದು ಕೂರಲು ಹೇಳಿ ಕಾರು ನಿಲ್ಲಿಸಿದರು.

ಆ ವಾರವೇ ಎರಡನೆಯ ಪತ್ರ ಬಂತು. ಸಂಜೆ ಐದರ ನಂತರ ವಸ್ತುಸಂಗ್ರಹಾಲಯದಲ್ಲಿ ಸಿಬ್ಬಂದಿ ಮತ್ತು ಪ್ರದರ್ಶಿತ ವಸ್ತುಗಳನ್ನು ಬಿಟ್ಟು ಯಾರೂ ತಂಗುವಂತಿಲ್ಲ.

“ಹಾಗಾದ್ರೆ ನಮ್ಮನ್ನ ಸಿಬ್ಬಂದಿಗೆ ಸೇರಿಸ್ಕೊಳ್ಳಿ,” ಎಂದ ವೆಂಡೆಲ್.

“ಹುದ್ದೆಗಳೆಲ್ಲ ಭರ್ತಿ ಆಗಿವೆ,” ಎಂದರು ಡ್ವೈಟ್. ಕಾವಲುಗಾರನ ಹುದ್ದೆಗೆ ಅವರ ಭಾವಮೈದುನ ಬಂದಿದ್ದ. “ಆದ್ರೆ ಪ್ರದರ್ಶಿತ ವಸ್ತುಗಳಿಗೆ ಮಿತಿ ಇಲ್ಲ.” ಎರಡು ಅರ್ಜಿ ನಮೂನೆಗಳನ್ನು ಮೇಜಿನ ಮೇಲೆ ಇಟ್ಟರು.

ವೆಂಡೆಲ್ ಕೆಂಪಗಾದ. “ನಾನು ಮನುಷ್ಯ ಕಣ್ರೀ!”

“ಅದನ್ನ ‘ಯಾವ ಸಾಮಗ್ರಿಯಿಂದ ಮಾಡಿದ್ದು’ ಅನ್ನೋ ಕಡೆ ಬರೀರಿ.”

ಡೋರೀನ್ ಮಾತ್ರ ತನ್ನ ನಮೂನೆಯನ್ನು ಆಗಲೇ ತುಂಬುತ್ತಿದ್ದಳು. “ಸುಮ್ನಿರು ವೆಂಡೆಲ್. ನಲವತ್ತೊಂದು ವರ್ಷ ಈ ಮನೇಲಿ ಸಾಮಾನಿನ ಹಾಗೇ ಇದ್ದೀನಿ. ಈಗ ಒಂದು ಚೀಟಿ ಅಂಟಿಸಿದ್ರೆ ಮೈ ಏನು ಸವೆಯುತ್ತಾ?”

ವೆಂಡೆಲ್ ನಮೂನೆ ಓದಿದ. ಒಂಬತ್ತನೆಯ ಅಂಕಣದಲ್ಲಿ ಅವನ ಬೆರಳು ನಿಂತಿತು. “ವಸ್ತುವಿನ ಜೊತೆಗಿರುವ ಬಿಡಿಭಾಗಗಳು. ಇವನ್ನು ವಸ್ತುವಿನಿಂದ ಬೇರ್ಪಡಿಸತಕ್ಕದ್ದಲ್ಲ.” ಅವನು ಎರಡು ಸಲ ಓದಿ, ಪೆನ್ನು ತೆಗೆದುಕೊಂಡು, ಶಾಲೆಯ ಮಕ್ಕಳ ಹಾಜರಿ ಬರೆಯುತ್ತಿದ್ದ ದುಂಡಗಿನ ಅಕ್ಷರದಲ್ಲಿ ಬರೆದ: ಕನ್ನಡಕ ಎರಡು, ಹಲ್ಲಿನ ಸೆಟ್ಟು ಒಂದು, ಡಸ್ಟಿ ಮಲೂಫ್ ಒಂದು.

ಡ್ವೈಟ್ ಹುಬ್ಬು ಗಂಟು ಹಾಕಿದರು. “ಕಾರ್ಡು ನಿಮ್ಮ ಮೈಗೆ ಅಂಟಿಕೊಂಡಿಲ್ಲವಲ್ಲ.”

“ಹಲ್ಲಿನ ಸೆಟ್ಟೂ ಅಂಟಿಕೊಂಡಿಲ್ಲ ಸಾರ್. ಬೇಕಾದ್ರೆ ಕಿತ್ತು ತೋರಿಸ್ತೀನಿ.”

“ಬೇಡ, ಬೇಡ.”

ಡ್ವೈಟ್ ನಿಯಮಾವಳಿ ತಿರುವಿದರು, ಬೆವರ್ಲಿಯವರಿಗೆ ಫೋನ್ ಮಾಡಿದರು. ಅರ್ಧ ಗಂಟೆಯ ನಂತರ ಕಪಾಟಿನ ಬೀಗ ತೆಗೆದು ಕಾರ್ಡನ್ನು ಅವನ ಕೈಗೆ ಕೊಟ್ಟರು. ವೆಂಡೆಲ್ ಅವರ ಎದುರಿಗೇ ಪ್ಲಾಸ್ಟಿಕ್ ಕವಚ ಒಡೆದು, ಕಲೆಯ ಮೇಲೆ ಹೆಬ್ಬೆರಳಿಟ್ಟು ನೋಡಿ, ಅಂಗಿಯ ಜೇಬಿಗೆ ಹಾಕಿಕೊಂಡ. ಹೀಗೆ ವೆಂಡೆಲ್ ಗ್ರೂಬರ್ ವಸ್ತು ಸಂಖ್ಯೆ ಆರುನೂರ ಹದಿಮೂರಾದ. ಡೋರೀನ್ ಆರುನೂರ ಹದಿನಾಲ್ಕಾದಳು. ಸೋಫಾದ ಮೇಲೆ ಚೀಟಿ ಬಂತು: “ಸಂಗ್ರಾಹಕ ಮತ್ತು ಪತ್ನಿ. ಮುಟ್ಟಬೇಡಿ.”

ವಸ್ತುಗಳಾದ ಮೇಲೆ ದರ್ಜೆ ಬೇಕೇ ಬೇಕು. ಪರೀಕ್ಷಕಿಯೊಬ್ಬರು ಭೂತಕನ್ನಡಿ ತಂದು ಇಬ್ಬರನ್ನೂ ಕಿಟಕಿಯ ಬೆಳಕಿಗೆ ನಿಲ್ಲಿಸಿ ಪರಿಶೀಲಿಸಿದರು. ಡೋರೀನ್‌ಗೆ ಏಳೂವರೆ. ವೆಂಡೆಲ್‌ಗೆ ನಾಲ್ಕು. ಷರಾ: “ಅಂಚುಗಳು ಸವೆದಿವೆ. ಮಧ್ಯಭಾಗ ಮುಂದಕ್ಕೆ ಸರಿದಿದೆ.”

“ಏಳೂವರೆ!” ಎಂದು ವೆಂಡೆಲ್ ಮೂರು ದಿನ ಗೊಣಗಿದ. “ನಿನಗೆ ಮೊಣಕಾಲು ನೋವಿದೆ ಅಂತ ಅವರಿಗೆ ಹೇಳಿದ್ಯಾ?”

“ಅವರು ಮೇಲ್ಮೈ ಮಾತ್ರ ಕೇಳಿದ್ರು,” ಎಂದಳು ಡೋರೀನ್, ಕನ್ನಡಿ ನೋಡುತ್ತ. “ನೀನು ಆ ಸಿಹಿ ಪೈ ತಿನ್ನೋದು ಬಿಡು. ಇನ್ನರ್ಧ ಇಳಿದ್ರೆ ಕಪಾಟಿಗೆ ಹಾಕ್ತಾರೆ.”

ವೆಂಡೆಲ್ ಪೈ ಬಿಟ್ಟ. ಬಣ್ಣ ಮಾಸಬಾರದೆಂದು ಬಿಸಿಲಿಗೂ ಹೋಗುವುದು ಬಿಟ್ಟ. ಬಡಾವಣೆಯ ಜನಕ್ಕೂ ತಮ್ಮ ಮನೆ ವಸ್ತುಸಂಗ್ರಹಾಲಯವಾಗಲಿ ಎನ್ನುವ ಆಸೆ ಹುಟ್ಟಿತು. ಕ್ಲೈಡ್ ತನ್ನ ಮೀನಿನ ಗಾಳಗಳನ್ನೆಲ್ಲ ಕಿಟಕಿಗೆ ಕಟ್ಟಿ, ದಾರಿಯಲ್ಲಿ ಹೋಗುವವರನ್ನು ಕರೆದು, “ಇನ್ನೊಬ್ಬರು ಬಂದ್ರೆ ಸಾಕು, ಒಂದೆರಡು ನಿಮಿಷ ನಿಂತ್ಕೊಳ್ರಪ್ಪ,” ಎಂದು ಬೇಡಿಕೊಳ್ಳುತ್ತಿದ್ದ.

ಪಕ್ಕದ ಇಂಡಿಯಾನಾ ರಾಜ್ಯದಲ್ಲಿ ಐಸ್ ಹಾಕಿ ಆಟಗಾರರ ಕಾರ್ಡು ನೇತುಹಾಕಿ ಇದೇ ಗತಿಗೆ ಬಂದ ಇನ್ನೊಂದು ಮನೆಯಿತ್ತು. ಅಲ್ಲಿನ ಮೇಲ್ವಿಚಾರಕರು ವಸಂತದಲ್ಲಿ ಪತ್ರ ಬರೆದು, ವಸ್ತು ಸಂಖ್ಯೆ ಆರುನೂರ ಹದಿನಾಲ್ಕನ್ನು ಆರು ವಾರ ಎರವಲು ಕೇಳಿದರು. ಬದಲಿಗೆ ತಮ್ಮಲ್ಲಿದ್ದ ನಿವೃತ್ತ ಕ್ಷೌರಿಕ ಎರ್ಲ್ ಟೋಬಿನ್‌ನನ್ನು ಕಳಿಸುವುದಾಗಿ ತಿಳಿಸಿದರು.

“ಹೆಂಡತೀನ ಯಾರಾದ್ರೂ ಎರವಲು ಕೊಡ್ತಾರೇನ್ರಿ?” ಎಂದು ವೆಂಡೆಲ್ ಕೂಗಾಡಿದ.

“ಎರವಲಲ್ಲ, ಸಾಂಸ್ಕೃತಿಕ ವಿನಿಮಯ,” ಎಂದರು ಡ್ವೈಟ್.

ಡೋರೀನ್ ಒಂದೇ ಪ್ರಶ್ನೆ ಕೇಳಿದಳು. “ಅಲ್ಲಿ ವಸ್ತುಗಳಿಗೆ ಬಾತ್‌ರೂಮ್ ಕೊಡ್ತಾರಾ?”

“ಕೊಡ್ತಾರೆ. ಎರಡು.”

“ಹಾಗಾದ್ರೆ ನನ್ನನ್ನ ಕೊಟ್ಬಿಡಿ.”

ಗುಳ್ಳೆ ಪ್ಲಾಸ್ಟಿಕ್ ಹೊದಿಸಿ, “ಈ ಬದಿ ಮೇಲಕ್ಕೆ” ಎಂದು ಚೀಟಿ ಅಂಟಿಸಿ ಅವಳನ್ನು ವ್ಯಾನಿನ ಮುಂದಿನ ಸೀಟಿನಲ್ಲಿ ಕೂರಿಸಲಾಯಿತು. ಬಡಾವಣೆಯವರೆಲ್ಲ ಬಂದು ಚಪ್ಪಾಳೆ ತಟ್ಟಿದರು. ಎರ್ಲ್ ಟೋಬಿನ್ ಒಳ್ಳೆಯ ಮನುಷ್ಯ, ವೆಂಡೆಲ್‌ನ ತಲೆಗೂದಲು ಚೊಕ್ಕವಾಗಿ ಕತ್ತರಿಸಿಕೊಟ್ಟ. ಆದರೂ ಸೋಫಾದ ಆ ಬದಿ ವೆಂಡೆಲ್‌ಗೆ ತಣ್ಣಗೆ ಕೊರೆಯುತ್ತಿತ್ತು. ಆರು ವಾರ ಹನ್ನೆರಡಾಯಿತು. ವೀಕ್ಷಕರ ಒತ್ತಾಯದ ಮೇರೆಗೆ ಎಂದು ಪತ್ರದಲ್ಲಿತ್ತು.

ಒಂದು ಭಾನುವಾರ ವೆಂಡೆಲ್ ನಾಲ್ಕು ಪ್ರತಿಗಳಲ್ಲಿ ಅರ್ಜಿ ಹಾಕಿ, ವಸ್ತು ಹೊರಹೋಗುವ ಪರವಾನಗಿ ಪಡೆದು, ಇಂಡಿಯಾನಾಕ್ಕೆ ಹೋದ. ಸಾಲಿನಲ್ಲಿ ನಿಂತು ಟಿಕೆಟ್ ತೆಗೆದುಕೊಂಡ. ದೊಡ್ಡ ಹಜಾರದಲ್ಲಿ, ಹಗ್ಗದಾಚೆ, ಮೆತ್ತನೆಯ ಕುರ್ಚಿಯಲ್ಲಿ ಡೋರೀನ್ ಕೂತು ಉಣ್ಣೆ ಹೆಣೆಯುತ್ತಿದ್ದಳು. ಪಕ್ಕದಲ್ಲಿ ಹಿತ್ತಾಳೆಯ ಫಲಕವಿತ್ತು. ಅವಳು ಅವನನ್ನು ನೋಡಿದಳು. ವಸ್ತುಗಳು ವೀಕ್ಷಕರೊಡನೆ ಮಾತಾಡುವಂತಿಲ್ಲವಾದ್ದರಿಂದ ಮತ್ತೆ ಉಣ್ಣೆಯ ಕಡೆ ತಿರುಗಿದಳು. ಅವಳ ಕಿವಿ ಮಾತ್ರ ಕೆಂಪಾಯಿತು. ವೆಂಡೆಲ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ನೋಡುತ್ತ ನಿಂತ.

ಪಕ್ಕದಲ್ಲಿದ್ದ ಅಪರಿಚಿತನೊಬ್ಬ ಮೆಲ್ಲಗೆ, “ಏನು ಚೆನ್ನಾಗಿದೆ ಅಲ್ವಾ! ಅಸಲಿನಾ ಇದು?” ಎಂದು ಕೇಳಿದ.

“ಅಸಲಿ ಸ್ವಾಮಿ,” ಎಂದ ವೆಂಡೆಲ್. “ನನ್ನ ಸಂಗ್ರಹದಿಂದ ಬಂದಿದ್ದು.”

“ಹೌದಾ! ದರ್ಜೆ ಎಷ್ಟು?”

“ಏಳೂವರೆ.”

ಹಗ್ಗದಾಚೆಯಿಂದ, ತುಟಿ ಅಲುಗಿಸದೆ, ತಲೆಯನ್ನೂ ಎತ್ತದೆ, ಡೋರೀನ್ ಹೇಳಿದಳು:

“ಎಂಟು. ಹೋದ ವಾರ ಮರುಪರಿಶೀಲನೆ ಆಯ್ತು.”